ಮುಟ್ಟದೆ ನೋಡಿದ ಜಾಹೀರಾತು

ಕೆಮ್ಮಿದಂತೆ ಒಂದು ಸದ್ದು ಮಾಡಿ ಲಿಫ್ಟು ಐದನೆಯ ಮತ್ತು ಆರನೆಯ ಮಹಡಿಗಳ ನಡುವೆ ನಿಂತುಬಿಟ್ಟಿತು. ಜೊತೆಗೆ ದೀಪವೂ ಹೋಯಿತು.

ಚಿನಾರಾ ಗೋಡೆಗೆ ಒರಗಿ ಉಸಿರು ಬಿಗಿಹಿಡಿದಳು. ಆ ಕತ್ತಲಲ್ಲಿ ಅವಳೊಬ್ಬಳೇ ಇರಲಿಲ್ಲ. ಭುಜಕ್ಕೆ ಭಾರವಾದ ಚೀಲ ನೇತುಹಾಕಿಕೊಂಡು ಕೆಳಗೆ ಅವಳ ಜೊತೆ ಹತ್ತಿದ್ದ ಅಪರಿಚಿತನೊಬ್ಬ ಮೊಣಕೈ ತಾಗುವಷ್ಟು ಹತ್ತಿರದಲ್ಲಿದ್ದ.

"ಕರೆಂಟ್ ಹೋಯ್ತು," ಅಂದ ಅವನು.

"ಅದು ನನಗೂ ಕಾಣ್ತಿದೆ."

"ನಿಮ್ಮ ಕಣ್ಣು ಚುರುಕು. ಈ ಕತ್ತಲಲ್ಲಿ ನನಗಂತೂ ಏನೂ ಕಾಣ್ತಿಲ್ಲ."

ಫೆಬ್ರವರಿಯಲ್ಲಿ ಬಿಷ್ಕೆಕ್‌ನ ಮನೆಮನೆಯಲ್ಲೂ ಹೀಟರು ಉರಿಯುತ್ತದೆ, ಕರೆಂಟು ಹೋಗುತ್ತದೆ, ಜನ ಬೈದುಕೊಂಡು ಮೆಟ್ಟಿಲು ಹತ್ತುತ್ತಾರೆ. ಆದರೆ ಸಿಕ್ಕಿಹಾಕಿಕೊಂಡವರು ಯಾವ ಮೆಟ್ಟಿಲು ಹತ್ತಬೇಕು? ಚಿನಾರಾ ಕೈಗವಸು ಬಿಚ್ಚಿ, ಇನ್ನೂ ಎಲ್ಲರ ಕೈಗೆ ಬಂದಿರದ, ಹೊಸದಾಗಿ ಕೊಂಡಿದ್ದ ಸ್ಮಾರ್ಟ್‌ಫೋನ್ ತೆಗೆದಳು. ಅದರ ಬೆಳಕಿನಲ್ಲಿ ಅವನ ಮುಖ ಕಾಣಿಸಿತು. ಚಳಿಗೆ ಕೆಂಪಾದ ಮೂಗು, ನಗುವುದೋ ಬೇಡವೋ ಎಂದು ಯೋಚಿಸುತ್ತಿರುವ ಕಣ್ಣು.

"ಹೆದರ್ಬೇಡಿ. ಬಾಗಿಲು ತೆಗೆಯೋದೇ ನನ್ನ ಕೆಲಸ."

"ಹಾಗಾದ್ರೆ ತೆಗೀರಿ."

"ಬೀಗ ಇರೋ ಬಾಗಿಲು ತೆಗೀತೀನಿ. ಇದಕ್ಕೆ ಬೀಗವೇ ಇಲ್ವಲ್ಲ."

ಅಳು ಬರುವ ಹೊತ್ತಿನಲ್ಲಿ ಅವಳಿಗೆ ನಗು ಬಂತು. ಚಳಿಗೆ ಮರಗಟ್ಟಿದ ಬೆರಳುಗಳಿಂದ 'ಬಾಗಿಲು ತೆರೆಯುತ್ತಿಲ್ಲ' ಎಂದು ಬರೆದು ಹುಡುಕತೊಡಗಿದಳು. ಅವನೂ ಬಗ್ಗಿ ನೋಡಿದ.

"ನನ್ನ ಹೆಸರು ಇದೆಯಾ ನೋಡಿ. ತಿಲೆಕ್ ಅಂತ. ಇದೇ ಕಟ್ಟಡದ ಆರನೇ ಮಹಡೀಲಿ ಜಾಹೀರಾತಿನವರಿದ್ದಾರೆ, ಅವರಿಗೆ ನನ್ನ ಜಾಹೀರಾತು ಕೊಟ್ಟಿದ್ದೀನಿ. ಫೋನ್ ಮಾಡಿ ಕೇಳಿದಾಗೆಲ್ಲ, ಕಂಪ್ಯೂಟರಲ್ಲಿ ಇದೆ ನೋಡಿ ಅಂತಾರೆ. ಇದೆ, ನಿಜ. ಆದ್ರೆ ಫೋನ್ ಬಡಿಯೋದೇ ನಿಂತುಹೋಗಿದೆ. ಸಾಕಪ್ಪಾ ನಿಮ್ಮ ಸಹವಾಸ ಅಂತ ಹೇಳಿ ಬರೋಣ ಅಂತ ಹೊರಟೆ ಇವತ್ತು."

ಚಿನಾರಾಳ ಬೆರಳು ಅಲ್ಲೇ ನಿಂತಿತು.

ಆರನೆಯ ಮಹಡಿಯ ಆ ಆಫೀಸಿನಲ್ಲೇ ಅವಳು ಕೆಲಸಕ್ಕಿದ್ದದ್ದು. 'ಬಾಗಿಲು ಹಾಕಿಕೊಂಡಿತೇ? ಗಾಬರಿ ಬೇಡ, ಅರ್ಧ ಗಂಟೆಯಲ್ಲಿ ತಿಲೆಕ್ ಬರುತ್ತಾನೆ' ಎಂಬ ಸಾಲನ್ನು, ಅವನ ಮುಖವನ್ನೇ ನೋಡದೆ, ಬರೆದವಳೂ ಅವಳೇ!

ಪರದೆಯನ್ನು ಮೇಲೆ ಕೆಳಗೆ ಸರಿಸಿದಳು. ಮೊದಲ ಜಾಗದಲ್ಲಿ ಬೇರೆ ಯಾರೋ. ಅದರ ಕೆಳಗೆ ಇನ್ನೊಬ್ಬರು. ಅಲ್ಲಿಗೆ ಜಾಹೀರಾತಿನ ಜಾಗ ಮುಗಿಯಿತು. ಆಫೀಸಿನ ದೊಡ್ಡ ಪರದೆಯಲ್ಲಿ ಬಲಗಡೆ ಉದ್ದಕ್ಕೂ ಜಾಹೀರಾತುಗಳ ಸಾಲಿರುತ್ತಿತ್ತು. ತಿಲೆಕ್ ಅದರಲ್ಲಿ ನಾಲ್ಕನೆಯವನು. ದಿನಾ ಬೆಳಿಗ್ಗೆ ನೋಡಿ, 'ಇದ್ದಾನೆ' ಎಂದು ಸಮಾಧಾನಪಟ್ಟುಕೊಂಡು ಚಹಾ ಕುಡಿಯುತ್ತಿದ್ದಳು.

'ಅಯ್ಯೋ, ನಾನೆಂಥ ದಡ್ಡಿ... ಮನೆಯ ಹೊರಗೆ ಸಿಕ್ಕಿಕೊಂಡವರು ಎಲ್ಲಿಂದ ಹುಡುಕುತ್ತಾರೆ? ಮೆಟ್ಟಿಲ ಮೇಲೆ ನಿಂತುಕೊಂಡು! ಅವರ ಕಂಪ್ಯೂಟರು ಬಾಗಿಲಿನ ಆಚೆ ಇರುತ್ತದೆ. ಕೈಯಲ್ಲಿ ಇರುವುದು ಇದೊಂದೇ.'

"ಆ ಜಾಹೀರಾತು ಬರೆದವಳು ನಾನು," ಎಂದಳು ಸಣ್ಣ ದನಿಯಲ್ಲಿ.

ತಿಲೆಕ್ ಫೋನಿನ ಬೆಳಕಿನಲ್ಲಿ ಅವಳ ಮುಖ ನೋಡಿದ.

"ಬೈಯೋಕೆ ಅಂತ ದಾರಿಯುದ್ದಕ್ಕೂ ಏನೇನೋ ಜೋಡಿಸ್ಕೊಂಡು ಬಂದಿದ್ದೆ," ಅಂದ. "ಎಲ್ಲಾ ಹಾಳಾಯ್ತು. ಕೈ ಮರಗಟ್ಟಿದೆ ನಿಮ್ದು. ನನ್ನ ಗವಸು ಹಾಕ್ಕೊಳ್ಳಿ, ನಿಮ್ದಕ್ಕಿಂತ ದಪ್ಪ ಇದೆ."

ಕರೆಂಟು ಬರುವ ಹೊತ್ತಿಗೆ ಅವಳ ಕೈ ಬೆಚ್ಚಗಾಗಿತ್ತು. ಜಾಹೀರಾತು ನಿಲ್ಲಿಸುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ಆಫೀಸಿನ ಒಡತಿ ಸೋನುನ್. ಎಲ್ಲರಿಗೂ ಆಕೆ ಅಕ್ಕ ಇದ್ದ ಹಾಗೆ, ಹಾಗಾಗಿ ಸೋನುನ್ ಎಜೆ. ಫೋನಿನ ವಿಷಯ ಎತ್ತಿದ ಕೂಡಲೇ ಆಕೆ ಕೈಬೀಸಿದಳು.

"ಫೋನಲ್ಲಿ ಯಾರೇ ಹುಡುಕ್ತಾರೆ? ಅದಿರೋದು ಆಟ ಆಡೋಕೆ, ಫೋಟೋ ತೆಗೆಯೋಕೆ."

"ಎಜೆ, ನಾನು ಲಿಫ್ಟಲ್ಲಿ ಸಿಕ್ಕಿಕೊಂಡಾಗ ಹುಡುಕಿದೆ. ಅದರಲ್ಲಿ ಇರೋದು ಒಂದೆರಡೇ ಜಾಗ. ಮೇಲಿದ್ರೆ ಇದ್ದ ಹಾಗೆ, ಇಲ್ಲಾಂದ್ರೆ ಇಲ್ಲವೇ ಇಲ್ಲ."

"ಸರಿ, ಆ ಬೀಗದವನ ಮೇಲೇ ಪ್ರಯೋಗ ಮಾಡು. ಹೇಗಿದ್ರೂ ಬಿಟ್ಟುಹೋಗೋ ಗಿರಾಕಿ."

ಚಿನಾರಾ ಹಳೆಯ ಜಾಹೀರಾತನ್ನು ಕಿತ್ತುಹಾಕಿ ಫೋನಿಗೆಂದೇ ಬೇರೆ ಮಾಡಿದಳು. ಮೊದಲ ಜಾಗ. ಎರಡೇ ಸಾಲು. ಅದನ್ನು ಒತ್ತಿದರೆ ಬೇರೆ ಪುಟವಿಲ್ಲ, ಗಿಟವಿಲ್ಲ, ನೇರ ತಿಲೆಕ್‌ನ ಜೇಬಿನಲ್ಲಿ ಫೋನು ಬಡಿಯಬೇಕು.

ಬಡಿಯಿತು. ಎಡೆಬಿಡದೆ ಬಡಿಯಿತು.

ಕೆಲಸದ ನೆಪ ಹೇಳಿಕೊಂಡು ತಿಲೆಕ್ ಮಧ್ಯಾಹ್ನ ಬರತೊಡಗಿದ. ಕಾಗದದಲ್ಲಿ ಸುತ್ತಿದ ಬಿಸಿ ಸಂಸಾ, ಮಾಂಸ ತುಂಬಿ ಸುಟ್ಟ ಸಮೋಸಾದಂಥದ್ದು, ತರುತ್ತಿದ್ದ. ಲಿಫ್ಟಿನ ಮೇಲೆ ಇಬ್ಬರಿಗೂ ನಂಬಿಕೆ ಹೋಗಿದ್ದರಿಂದ ಮೆಟ್ಟಿಲ ಮೇಲೆ ಕೂತು ತಿನ್ನುತ್ತಿದ್ದರು. ಸಂಸಾದ ಕೊಬ್ಬು ಬೆರಳಿಗೆ ಇಳಿಯುತ್ತಿದ್ದರೂ ಅವನ ಬಾಯಿ ನಿಲ್ಲುತ್ತಿರಲಿಲ್ಲ.

"ನಿನ್ನೆ ಒಬ್ಬ ತಾತ, ಬಾಲ್ಕನಿಯಲ್ಲಿ ಸಿಕ್ಕಿಕೊಂಡಿದ್ರು. ಒಳಗಿಂದ ಅಜ್ಜಿ ಚಿಲಕ ಹಾಕ್ಬಿಟ್ಟಿದ್ದಾಳೆ. ಅಜ್ಜಿ ಮರೆತಳಾ ಅಂತ ಕೇಳಿದೆ. ಮರೆತಿಲ್ಲ ಮಗಾ, ಜಗಳ ಅಂದ್ರು."

"ನೀವೇನು ಮಾಡಿದ್ರಿ?"

"ಅಜ್ಜಿ ಹತ್ರ ತಾತನ ಪರವಾಗಿ ಕ್ಷಮೆ ಕೇಳಿದೆ. ಬೀಗಕ್ಕೆ ಕೈ ಹಾಕೋ ಅಗತ್ಯಾನೇ ಬರ್ಲಿಲ್ಲ."

ಚಿನಾರಾ ನಕ್ಕಾಗ ಕೂದಲು ಹಿಂದಕ್ಕೆ ಸರಿದು ಕಿವಿ ಕಾಣಿಸಿತು.

"ಓಲೆ ಚೆನ್ನಾಗಿದೆ," ಅಂದ ತಿಲೆಕ್.

ಅವಳ ನಗು ನಿಂತಿತು. ಆಗಲೇ ಹೇಳಬಹುದಿತ್ತು. ಬಾಯಿ ತೆರೆದಳು ಕೂಡ. ಆದರೆ "ಸಂಸಾ ತಣ್ಣಗಾಗುತ್ತೆ, ತಿನ್ನಿ" ಎಂಬ ಮಾತಷ್ಟೇ ಹೊರಗೆ ಬಂತು.

ಆ ಓಲೆಯನ್ನು ಅವಳ ಕಿವಿಗೆ ಹಾಕಿದವಳು ಸೋನುನ್ ಎಜೆ.

ಚಿನಾರಾಳ ತಂದೆ ತೀರಿಹೋದಾಗ ಎಲ್ಲರಿಗಿಂತ ಮೊದಲು ಮನೆಗೆ ಬಂದವಳು ಆಕೆ. ಕೆಲಸ ಕೊಟ್ಟವಳು, ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ಆಕೆ. ಹೋದ ಶರತ್ಕಾಲದಲ್ಲಿ ನೆಂಟರನ್ನು ಕರೆದುಕೊಂಡು ಬಂದು, ರಷ್ಯಾದ ನೊವೊಸಿಬಿರ್ಸ್ಕ್‌ನಲ್ಲಿ ಕೆಲಸಕ್ಕಿರುವ ಮಗ ನುರ್ದಿನ್‌ಗೆಂದು, ಚಿನಾರಾಳ ತಲೆಗೆ ಬಿಳಿ ವಸ್ತ್ರ ಹೊದಿಸಿ ಕಿವಿಗೆ ಚಿನ್ನದ ಓಲೆ ತೊಡಿಸಿದ್ದಳು. ಓಲೆ ತೊಡಿಸಿದರೆ ಮುಗಿಯಿತು, ಹುಡುಗಿ ಆ ಮನೆಯವಳು. 'ನಾನು ಸ್ವಲ್ಪ ಯೋಚಿಸಬೇಕು' ಎನ್ನೋಣವೆಂದು ಚಿನಾರಾ ತಲೆಯೆತ್ತಿದಾಗ ಅಮ್ಮ ಖುಷಿಗೆ ಅಳುತ್ತಿದ್ದಳು. ಸೋನುನ್ ಎಜೆ ಅವಳ ಹಣೆಗೆ ಮುತ್ತಿಡುತ್ತಿದ್ದಳು. ಹೀಗೆ ಪ್ರೀತಿಯಿಂದ ಕಟ್ಟಿಹಾಕುವವರ ಮುಂದೆ ಏನೆಂದು ಕೂಗಾಡುವುದು?

ನುರ್ದಿನ್ ಹೊಸ ವರ್ಷಕ್ಕೆ ಒಮ್ಮೆ ಫೋನು ಮಾಡಿ, ಅಲ್ಲಿ ಹಿಮ ಜಾಸ್ತಿ ಅಂದಿದ್ದ. ಅದೇ ಕೊನೆ.

ತಮಾಷೆ ನೋಡಿ. ತಿಲೆಕ್‌ನ ಫೋನು ಬಡಿದಷ್ಟೂ ಚಿನಾರಾಳ ಸುತ್ತಲಿನ ಗೋಡೆ ಹತ್ತಿರವಾಗುತ್ತಾ ಬಂತು. ಅವಳ ಪ್ರಯೋಗ ಗೆದ್ದಿತ್ತಲ್ಲ! ಟ್ಯಾಕ್ಸಿಯವರು, ಹೂವಿನವರು, ಹಲ್ಲಿನ ಡಾಕ್ಟರು, ಎಲ್ಲರ ಜಾಹೀರಾತುಗಳೂ ಕಂಪ್ಯೂಟರಿನಿಂದ ಫೋನಿಗೆ ಇಳಿದವು. ಬೇರೆ ಆಫೀಸಿನವರು ಇನ್ನೂ ಬಲಗಡೆಯ ಸಾಲಿನಲ್ಲಿ ಜಾಗ ಎಣಿಸುತ್ತಾ ಕೂತಿದ್ದಾಗ ಸೋನುನ್ ಎಜೆಯ ಗಿರಾಕಿಗಳು ಸಣ್ಣ ಪರದೆಯ ತುದಿಯಲ್ಲಿ ಕೂತುಬಿಟ್ಟಿದ್ದರು.

"ನನ್ನ ಕಣ್ಣು ತೆರೆಸಿದ್ದು ಈ ಹುಡುಗಿ," ಎಂದು ಎಜೆ ಬಂದವರಿಗೆಲ್ಲ ಹೇಳುತ್ತಿದ್ದಳು. "ಸೆಪ್ಟೆಂಬರಲ್ಲಿ ಮದುವೆ ಮುಗಿಸಿ ಈ ಆಫೀಸು ಇವಳ ಕೈಗೇ ಕೊಟ್ಬಿಡ್ತೀನಿ."

ಮೇ ತಿಂಗಳ ಒಂದು ಮಧ್ಯಾಹ್ನ ಆ ಮಾತು ಕೇಳಿಸಿಕೊಂಡವನು ತಿಲೆಕ್. ಸಂಸಾ ಹಿಡಿದು ಬಾಗಿಲಲ್ಲಿ ನಿಂತಿದ್ದ.

"ಬಾಪ್ಪಾ ಬೀಗದವನೇ," ಎಂದು ಎಜೆ ಸಂತೋಷದಿಂದ ಕರೆದು, ಚಿನಾರಾಳ ಕೂದಲು ಸರಿಸಿ ಓಲೆ ಮುಟ್ಟಿ ತೋರಿಸಿದಳು. "ನಿನ್ನ ಅದೃಷ್ಟ ತೆರೆದಿದ್ದು ನನ್ನ ಸೊಸೆ. ನೋಡು, ನಾನೇ ಹಾಕಿದ್ದು."

ತಿಲೆಕ್ ಓಲೆಯನ್ನು ನೋಡಿದ. ಸಂಸಾ ಮೇಜಿನ ಮೇಲಿಟ್ಟ. "ಚೆನ್ನಾಗಿದೆ, ಎಜೆ," ಎಂದು ಹೇಳಿ ಹೊರಗೆ ಹೋದ.

ಚಿನಾರಾ ಮೆಟ್ಟಿಲಲ್ಲಿ ಅವನನ್ನು ಹಿಡಿದಳು.

"ತಿಲೆಕ್, ಒಂದು ನಿಮಿಷ..."

"ನಾನು ಓಲೆ ಚೆನ್ನಾಗಿದೆ ಅಂದಾಗ್ಲಾದ್ರೂ ಹೇಳ್ಬಹುದಿತ್ತು."

"ಹೇಳೋಕೆ ಹೋದೆ..."

"ಸಂಸಾ ತಿನ್ನಿ ಅಂದ್ರಿ." ಅವನು ನಗಲು ನೋಡಿದ, ಆಗಲಿಲ್ಲ. "ನನಗೆ ಬೀಗದ ಬಾಗಿಲು ಗೊತ್ತು ಚಿನಾರಾ. ಬೇರೆಯವರ ಮನೆ ಬಾಗಿಲಿಗೆ ಕೈ ಹಾಕಲ್ಲ ನಾನು. ನನ್ನ ಕೆಲಸಾನ ಬೇರೆಯವರಿಗೆ ಒಪ್ಪಿಸ್ಬಿಡಿ. ನಿಮ್ಮ ಮನೆ ಬಾಗಿಲು ಹಾಕಿಕೊಂಡ್ರೆ ಗಿರಾಕಿ ಥರ ಫೋನ್ ಮಾಡಿ, ಬರ್ತೀನಿ. ಬೇರೆ ಮಾತಿಗೆ ಬೇಡ."

ಅವಳು ಮೆಟ್ಟಿಲ ಮೇಲೇ ಕೂತಳು. ಅವನು ಇಳಿದುಹೋದ ಹೆಜ್ಜೆ ಸದ್ದು ಕೆಳಗಿನ ಕಬ್ಬಿಣದ ಬಾಗಿಲಿನಲ್ಲಿ ಮುಗಿಯಿತು.

ತಿಲೆಕ್‌ನ ಜಾಹೀರಾತನ್ನು ಅಂದಿನಿಂದ ಸೋನುನ್ ಎಜೆಯೇ ನೋಡಿಕೊಂಡಳು. ಚಿನಾರಾಳಿಗೆ ಉಳಿದದ್ದು ತನ್ನ ಫೋನಿನ ಸಣ್ಣ ಪರದೆ.

ಮಾರ್ಶ್ರುತ್ಕಾ ವ್ಯಾನಿನಲ್ಲಿ ನೂಕುನುಗ್ಗಲಿನ ನಡುವೆ ನಿಂತು ಹುಡುಕುವಳು. 'ಬಾಗಿಲು ತೆರೆಯುತ್ತಿಲ್ಲ.' ಕೂಡಲೇ ಮೊದಲ ಜಾಗದಲ್ಲಿ ಅವನು. ಅರ್ಧ ಗಂಟೆಯಲ್ಲಿ ತಿಲೆಕ್ ಬರುತ್ತಾನೆ... ಅಮ್ಮ ಮದುವೆಯ ಹಾಸಿಗೆ ಹೊಲಿಯುತ್ತಾ ಕೂತಾಗ ಅಡುಗೆಮನೆಗೆ ಎದ್ದು ಹೋಗಿ ಹುಡುಕುವಳು. ಎಜೆ ಮದುವೆಗೆ ಕರೆಯಬೇಕಾದವರ ಮಾತೆತ್ತಿದಾಗ ಮೇಜಿನ ಕೆಳಗೆ ಹುಡುಕುವಳು. ಇದ್ದಾನೆ. ಇನ್ನೂ ಇದ್ದಾನೆ.

ಆದರೆ ಒತ್ತುತ್ತಿರಲಿಲ್ಲ. ಗಿರಾಕಿಯ ಜಾಹೀರಾತನ್ನು ನಾವೇ ಒತ್ತಬಾರದು ಎಂಬುದು ಈ ಕಸುಬಿನ ಮೊದಲ ಪಾಠ, ಏಕೆಂದರೆ ಒತ್ತಿದಾಗಲೆಲ್ಲ ಅವನ ಜೇಬಿನಿಂದ ಹಣ ಹೋಗುತ್ತದೆ. 'ನನ್ನಿಂದ ಅವನಿಗೆ ಆದ ನಷ್ಟ ಸಾಕು' ಎಂದುಕೊಂಡು ಬೆರಳನ್ನು ಪರದೆಗೆ ತಾಗದಷ್ಟು ಮೇಲೆ ಹಿಡಿದು ಓದುವಳು. ಆಮೇಲೆ ಫೋನು ಮುಚ್ಚಿಡುವಳು. ಎರಡನೆಯ ಪಾಠವೂ ಒಂದಿತ್ತು. ಪಾಪ, ಪ್ರೀತಿಯಲ್ಲಿ ಬಿದ್ದವಳಿಗೆ ಅದು ಮರೆತೇಹೋಗಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ಹುಡುಕಿದಾಗ ಮೊದಲ ಜಾಗದಲ್ಲಿ ಬೇರೆ ಹೆಸರಿತ್ತು.

ಕೆಳಗೆ ಸರಿಸಿದಳು. ಇಲ್ಲ. ಫೋನನ್ನು ಆರಿಸಿ ಮತ್ತೆ ಹಚ್ಚಿದಳು. ಇಲ್ಲ. ಮಧ್ಯಾಹ್ನ ಇಲ್ಲ, ಸಂಜೆ ಇಲ್ಲ, ಮರುದಿನವೂ ಇಲ್ಲ.

'ನನಗೆ ಅಂತ ಬಿಟ್ಟಿದ್ದ ಒಂದೇ ಬಾಗಿಲು... ಅದನ್ನೂ ಹಾಕಿಕೊಂಡನಾ?'

ಅವಳ ಎದೆಯೊಳಗೆ ಮತ್ತೆ ಆ ಲಿಫ್ಟು ನಿಂತಿತು. ಆದರೆ ಈ ಸಲ ಪಕ್ಕದಲ್ಲಿ ಯಾರೂ ಇರಲಿಲ್ಲ. ಎಜೆಯನ್ನು ಕೇಳುವಂತಿಲ್ಲ. ಅಮ್ಮನಿಗೆ ಹೇಳುವಂತಿಲ್ಲ. ಕನ್ನಡಿಯ ಮುಂದೆ ನಿಂತಾಗ ಓಲೆಗಳು ಎರಡು ಪುಟ್ಟ ಬೀಗಗಳಂತೆ ಕಂಡವು. ಇಷ್ಟು ತಿಂಗಳು ಯಾರೋ ಬಂದು ಅವನ್ನು ತೆಗೆಯಲಿ ಎಂದು ತಾನು ಕಾಯುತ್ತಿದ್ದೆನಲ್ಲ ಎಂದು ಅವಳಿಗೆ ಆಗ ಹೊಳೆಯಿತು. ಇನ್ನು ಯಾರೂ ಬರುವುದಿಲ್ಲ. ಹಾಗೆಂದು ಇವನ್ನು ಹಾಕಿಕೊಂಡೇ ಇರಬೇಕೇ?

ಮರುದಿನ ಉಳಿದ ಕೆಲಸದವರು ಬರುವ ಮುಂಚೆಯೇ ಆಫೀಸಿಗೆ ಹೋದಳು. ಸೋನುನ್ ಎಜೆ ಒಬ್ಬಳೇ ಇದ್ದಳು. ಚಿನಾರಾ ಎದುರಿಗೆ ನಿಂತು ಓಲೆಗಳನ್ನು ಬಿಚ್ಚಿದಳು. ಬಲಗಿವಿಯದು ಬೇಗ ಬಂತು, ಎಡಗಿವಿಯದು ಸತಾಯಿಸಿತು. ಎರಡನ್ನೂ ಮೇಜಿನ ಮೇಲಿಟ್ಟಳು.

"ನನ್ನಿಂದ ಆಗಲ್ಲ ಎಜೆ. ಅವತ್ತೇ ಹೇಳ್ಬೇಕಿತ್ತು. ಬಾಯಿ ಬರ್ಲಿಲ್ಲ. ತಪ್ಪು ನಂದು."

ಎಜೆ ಓಲೆಗಳನ್ನೇ ನೋಡುತ್ತಾ ಕೂತಳು. ಆಕೆಯ ಮುಖ ಒಮ್ಮೆಲೇ ಮುದಿಯಾದಂತೆ ಕಂಡಿತು.

"ನುರ್ದಿನ್ ನಿನಗೆ ಕೊನೇ ಸಲ ಯಾವಾಗ ಫೋನ್ ಮಾಡಿದ್ದ?"

"ಹೊಸ ವರ್ಷಕ್ಕೆ."

"ನನಗೂ ಅವತ್ತೇ," ಅಂದಳು ಎಜೆ. ಒಂದು ಓಲೆಯನ್ನು ಬೆರಳಲ್ಲಿ ಹೊರಳಿಸುತ್ತಾ ಕೇಳಿದಳು: "ಬೇರೆ ಯಾರಾದ್ರೂ ಇದ್ದಾನಾ?"

"ಇದ್ದ. ಈಗ ಇಲ್ಲ. ಜಾಹೀರಾತು ಕೂಡ ತೆಗೆಸಿಬಿಟ್ಟಿದ್ದಾನೆ."

ಮಾತು ಜಾರಿದ್ದು ಚಿನಾರಾಳಿಗೆ ಆಮೇಲೆ ಗೊತ್ತಾಯಿತು. ಎಜೆ ಹುಬ್ಬೇರಿಸಿದಳು.

"ಯಾರು, ಬೀಗದವನಾ? ಅವನೆಲ್ಲಿ ತೆಗೆಸಿದ್ದಾನೆ? ಅದರ ಮೇಲೆ ದಿನಾ ಕಣ್ಣಿಟ್ಟಿರೋಳು ನಾನು."

"ಇಲ್ಲ ಎಜೆ, ಮೊನ್ನೆಯಿಂದ ಹುಡುಕ್ತಿದ್ದೀನಿ..."

ಎಜೆ ತನ್ನ ಫೋನು ತೆಗೆದು ಒಂದು ಸಾಲು ಬರೆದು ಅವಳ ಕಡೆ ತಿರುಗಿಸಿದಳು. ಮೊದಲ ಜಾಗ. 'ಬಾಗಿಲು ಹಾಕಿಕೊಂಡಿತೇ? ಗಾಬರಿ ಬೇಡ...'

ಚಿನಾರಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ತನ್ನ ಫೋನನ್ನು ಪಕ್ಕಕ್ಕೆ ಹಿಡಿದಳು. ಅದರಲ್ಲಿ ಇಲ್ಲ. ಇದರಲ್ಲಿ ಇದೆ.

"ದಿನಕ್ಕೆ ಎಷ್ಟು ಸಲ ನೋಡ್ತಿದ್ದೆ?"

ಅವಳು ತಲೆ ತಗ್ಗಿಸಿದಳು.

"ಒಂದು ಸಲವಾದ್ರೂ ಒತ್ತಿದ್ಯಾ?"

"ಒತ್ತಿದ್ರೆ ಅವನಿಗೆ ಖರ್ಚಲ್ವಾ..."

"ಅಯ್ಯೋ ಪೆದ್ದೀ." ಕೋಪದ ನಡುವೆಯೂ ಎಜೆಯ ದನಿಯಲ್ಲಿ ಹಳೆಯ ಮೇಷ್ಟರಿಕೆ ಬಂತು. "ಎರಡನೇ ಪಾಠ ನಾನೇ ಹೇಳಿಕೊಟ್ಟಿರಲಿಲ್ವಾ? ಬರೀ ನೋಡ್ತಾ, ಒತ್ತದೆ ಹೋಗ್ತಾ ಇದ್ರೆ ಇವಳಿಗೆ ಇದು ಬೇಡ ಅಂತ ಹುಡುಕಿಕೊಡೋ ಯಂತ್ರ ಅಂದ್ಕೊಳ್ಳುತ್ತೆ. ಆಮೇಲೆ ನಿನಗೆ ತೋರಿಸೋದನ್ನೇ ಬಿಡುತ್ತೆ. ಜಾಹೀರಾತು ಪರೀಕ್ಷೆ ಮಾಡೋಕೆ ಅಂತ ನಮಗೆ ಬೇರೆ ಪುಟ ಇದೆ, ಅಲ್ಲಿ ನೋಡ್ಬೇಕು."

"ಅಲ್ಲಿ ಕಾಣೋದು ಬರೀ ಚಿತ್ರ ಎಜೆ. ನನಗೆ ಅವನು ನನ್ನ ಫೋನಲ್ಲಿ ಕಾಣ್ಬೇಕಿತ್ತು."

ಇದನ್ನು ಕೇಳಿ ಎಜೆ ಕಿಟಕಿಯ ಕಡೆ ತಿರುಗಿದಳು. ಕಿಟಕಿಯಾಚೆ ಬೀದಿಯ ಕೊನೆಯಲ್ಲಿ ಬೆಟ್ಟಗಳ ಮೇಲೆ ಬಿಸಿಲೇರುತ್ತಿತ್ತು. ಆಕೆ ಓಲೆಗಳನ್ನು ಮುಷ್ಟಿಯಲ್ಲಿ ಹಿಡಿದು ಎದ್ದಳು.

"ನಿಮ್ಮಮ್ಮನಿಗೆ ನೀನೇ ಹೇಳ್ಬೇಕು. ನಾನು ಹೇಳಲ್ಲ."

"ಹೇಳ್ತೀನಿ."

"ನಾಳೆ ಕೆಲಸಕ್ಕೆ ಬಾ. ನಾಳೆನೂ ನನಗೆ ಕೋಪ ಇರುತ್ತೆ. ಆದ್ರೂ ಬಾ." ಬಾಗಿಲವರೆಗೆ ಹೋಗಿ, ತಿರುಗಿ ನೋಡದೆ ಅಂದಳು: "ಚಹಾ ಮಾಡ್ಕೊಂಡು ಬರ್ತೀನಿ."

ಆಫೀಸಿನಲ್ಲಿ ಎಜೆ ತಾನಾಗಿ ಚಹಾ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ. ಫೋನನ್ನು ಮರೆತು ಹೋಗುವವಳೂ ಆಕೆಯಲ್ಲ. ಆದರೆ ಅದು ಮೇಜಿನ ಮೇಲೆ ಬೆಳಗುತ್ತಾ ಬಿದ್ದಿತ್ತು, ತಿಲೆಕ್‌ನ ಎರಡು ಸಾಲುಗಳೊಂದಿಗೆ.

ಚಿನಾರಾ ಒತ್ತಿದಳು.

"ಹಲೋ, ತಿಲೆಕ್ ಮಾತಾಡ್ತಿದ್ದೀನಿ. ಎಲ್ಲಿ ಸಿಕ್ಕಿಕೊಂಡಿದ್ದೀರಿ?"

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಳು.

"ಹಲೋ? ಗಾಬರಿ ಆಗ್ಬೇಡಿ. ಒಳಗಿದ್ದೀರೋ, ಹೊರಗಿದ್ದೀರೋ ಅಷ್ಟು ಹೇಳಿ."

"ಹೊರಗೆ," ಎಂದಳು. "ಈಗಷ್ಟೇ ಹೊರಗೆ ಬಂದೆ."

ಆ ಕಡೆ ಯಾವುದೋ ಉಪಕರಣ ನೆಲಕ್ಕೆ ಬಿದ್ದ ಸದ್ದಾಯಿತು.

"ಚಿನಾರಾ?"

"ಗಿರಾಕಿ ಥರ ಫೋನ್ ಮಾಡಿ ಅಂದಿದ್ರಿ. ಜಾಹೀರಾತಿಂದಲೇ ಮಾಡಿದ್ದೀನಿ. ಅದೇ ಕಟ್ಟಡ, ಅದೇ ಲಿಫ್ಟಿನ ಹತ್ರ ನಿಂತಿರ್ತೀನಿ. ಬರ್ತೀರಾ?"

ಜಾಹೀರಾತಿನಲ್ಲಿ ಅರ್ಧ ಗಂಟೆ ಎಂದಿತ್ತು. ಅವನು ಅದಕ್ಕಿಂತ ಎಷ್ಟೋ ಮುಂಚೆ, ಭುಜದ ಚೀಲವನ್ನೂ ಮುಚ್ಚದೆ, ಕಬ್ಬಿಣದ ಬಾಗಿಲು ತಳ್ಳಿಕೊಂಡು ಬಂದ. ಅವಳ ಬರಿಯ ಕಿವಿಗಳನ್ನು ನೋಡಿ ಅಲ್ಲೇ ನಿಂತ.

"ಓಲೆ?"

"ನಾನೇ ತೆಗೆದೆ. ನೀವು ನನ್ನನ್ನ ಬಿಟ್ಟುಹೋದ್ರಿ ಅಂದ್ಕೊಂಡೇ ತೆಗೆದೆ. ನಿಮಗೋಸ್ಕರ ಅಂತ ಜಂಬ ಪಡ್ಬೇಡಿ." ಅಷ್ಟರಲ್ಲಿ ಅವಳ ಕಣ್ಣು ತುಂಬಿಬಂತು. "ದಿನಾ ನಿಮ್ಮನ್ನ ಹುಡುಕಿ ನೋಡ್ತಿದ್ದೆ. ಒತ್ತಲಿಲ್ಲ. ನೋಡಿ ನೋಡಿಯೇ ಕಳ್ಕೊಂಡುಬಿಟ್ಟೆ."

ತಿಲೆಕ್ ಚೀಲ ಕೆಳಗಿಟ್ಟು ಅವಳ ಎರಡೂ ಕೈ ಹಿಡಿದುಕೊಂಡ. ಆಗಸ್ಟಿನ ಸೆಕೆಯಲ್ಲೂ ಅವು ತಣ್ಣಗಿದ್ದವು.

"ಫೋನ್ ಬಡಿದಾಗೆಲ್ಲ ನೀನೇನೋ ಅಂತ ಎತ್ಕೋತಿದ್ದೆ," ಅಂದ. "ಬೇಕಂತಲೇ ಬಾಗಿಲು ಮುರ್ಕೊಂಡಾದ್ರೂ ಫೋನ್ ಮಾಡ್ತೀಯ ಅಂದ್ಕೊಂಡಿದ್ದೆ. ನಾಲ್ಕು ಊರಿನವರು ಮಾಡಿದ್ರು, ನೀನು ಮಾಡ್ಲಿಲ್ಲ."

'ನೀವು' ಹೋಗಿ 'ನೀನು' ಬಂದದ್ದನ್ನು ಇಬ್ಬರೂ ಕೇಳಿಸಿಕೊಂಡರು, ಯಾರೂ ತಿದ್ದಲಿಲ್ಲ.

"ಇವತ್ತು ಒತ್ತಿದ್ದಕ್ಕೆ ನಿನಗೆ ಖರ್ಚಾಯ್ತು," ಎಂದಳು ಚಿನಾರಾ, ಮೂಗು ಒರೆಸಿಕೊಳ್ಳುತ್ತಾ.

"ಆಗ್ಲಿ ಬಿಡು. ಇಷ್ಟು ದಿನ ಉಳಿಸಿದ್ದೇ ದುಬಾರಿ ಆಯ್ತು." ಅವನು ಅವಳ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದ. "ಇನ್ಮೇಲೆ ನನ್ನನ್ನ ನೋಡ್ಬೇಕು ಅನ್ನಿಸಿದ್ರೆ?"

"ಹುಡುಕಲ್ಲ. ಫೋನ್ ಮಾಡ್ತೀನಿ."

"ಬಾಗಿಲು ತೆರೆದೇ ಇದ್ರೂ?"

"ತೆರೆದೇ ಇದ್ರೂ."